ಹೂವಿನ ದಂಡೆ

ಹೂವಿನ ದಂಡೆ ಎಂದರೆ ಹೂಗಳನ್ನು ನಾರು ಅಥವಾ ದಾರದಿಂದ ಒತ್ತಾಗಿ ಕಟ್ಟಿ ಮುಡಿ, ಹಣೆ, ತೋಳು ಅಥವಾ ಮುಂಗೈಗೆ ಧರಿಸುವ ಮಾಲೆ. ಉತ್ತರ ಕರ್ನಾಟಕದಲ್ಲಿ, ವಿಶೇಷವಾಗಿ ವಿಜಯಪುರ ಜಿಲ್ಲೆಯ ಚಡಚಣ, ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಲ್ಲಿ, ಮದುವೆ, ಕುಬಸ, ತೊಟ್ಟಿಲು ಮೊದಲಾದ ಶುಭಕಾರ್ಯಗಳಲ್ಲಿ ಹೂವಿನ ಅಲಂಕಾರಕ್ಕೆ ಮುಖ್ಯ ಸ್ಥಾನವಿದೆ. ಮುಂಗೈಗೆ ಕಟ್ಟುವ ದಂಡೆಯನ್ನು ಮರಾಠಿಯ ಪ್ರಭಾವವಿರುವ ಗಡಿಭಾಗದಲ್ಲಿ ಗಜರಾ ಎಂದೂ ಕರೆಯುತ್ತಾರೆ. ಪಾಶ್ಚಾತ್ಯ ದೇಶಗಳ ಸಮಾರಂಭಗಳಲ್ಲಿ ಮಣಿಕಟ್ಟಿಗೆ ಧರಿಸುವ ಕಾರ್ಸೇಜ್ ಎಂಬ ಹೂಗುಚ್ಛವು ಬಳಕೆಯಲ್ಲಿ ಇದಕ್ಕೆ ಹತ್ತಿರವಾದುದು. ಆದರೆ ಅದನ್ನು ಕಟ್ಟುವ ಸಾಮಗ್ರಿ ಮತ್ತು ಕ್ರಮ ಬೇರೆ.

## ಹೆಸರು

ದಂಡೆ ಎಂಬ ಪದಕ್ಕೆ ಕನ್ನಡದಲ್ಲಿ ನದಿಯ ತೀರ ಎಂಬ ಅರ್ಥದ ಜೊತೆಗೆ ಹೂಮಾಲೆ ಎಂಬ ಅರ್ಥವೂ ಇದೆ. ಆಡುಮಾತಿನಲ್ಲಿ ಇದು ದಂಡಿ ಎಂದಾಗುತ್ತದೆ. ಕೊರಳಿಗೆ ಹಾಕುವುದನ್ನು ಸಾಮಾನ್ಯವಾಗಿ ಹಾರ ಅಥವಾ ಮಾಲೆ ಎಂದೂ, ಮುಡಿಗೆ, ಹಣೆಗೆ ಮತ್ತು ಕೈಗೆ ಕಟ್ಟುವ ಒತ್ತಾದ ಮಾಲೆಯನ್ನು ದಂಡೆ ಎಂದೂ ಹೇಳುವುದುಂಟು. ಮದುವೆಯಲ್ಲಿ ವಧೂವರರ ಹಣೆಗೆ ಕಟ್ಟುವ ಬಾಸಿಂಗ ಮತ್ತು ಮುಂಗೈಗೆ ಕಟ್ಟುವ ಕಂಕಣ ಇದಕ್ಕಿಂತ ಭಿನ್ನವಾದವು. ಕಂಕಣವು ಅರಿಸಿನದ ಕೊಂಬನ್ನು ಕಟ್ಟಿದ ದಾರ. ಅದನ್ನು ಕಟ್ಟುವುದಕ್ಕೂ ಬಿಚ್ಚುವುದಕ್ಕೂ ವಿಧಿಯಿದೆ. ಹೂವಿನ ದಂಡೆ ಅಲಂಕಾರಕ್ಕೆ ಸೇರಿದ್ದು, ಬಾಡಿದಾಗ ತೆಗೆಯಬಹುದು.

## ಹಿನ್ನೆಲೆ

ಹೂಗಳನ್ನು ಆಭರಣವಾಗಿ ಧರಿಸುವ ಪದ್ಧತಿ ಭಾರತದಲ್ಲಿ ಬಹಳ ಹಳೆಯದು. ವಾತ್ಸ್ಯಾಯನನ ಕಾಮಸೂತ್ರವು ಪಟ್ಟಿಮಾಡುವ 64 ಕಲೆಗಳಲ್ಲಿ ಮಾಲೆ ಕಟ್ಟುವುದೂ ಒಂದು. ಕಾಳಿದಾಸನ ಅಭಿಜ್ಞಾನ ಶಾಕುಂತಲದ ಮೂರನೆಯ ಅಂಕದಲ್ಲಿ ಶಕುಂತಲೆ ಕೈಗೆ ತಾವರೆಯ ದಂಟಿನ ಬಳೆಯನ್ನು ತೊಟ್ಟಿರುತ್ತಾಳೆ. ಕನ್ನಡದಲ್ಲಿ ಹರಿಹರ ಕವಿಯ ಪುಷ್ಪರಗಳೆಯು ಶಿವನಿಗೆ ಹೂಗಳನ್ನು ಸಂಗ್ರಹಿಸಿ ಅರ್ಪಿಸುವುದನ್ನೇ ವಸ್ತುವಾಗಿ ಉಳ್ಳ ಕೃತಿ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೂ ಕಟ್ಟುವುದು ಹೂಗಾರ ಸಮುದಾಯದ ಪರಂಪರಾಗತ ಕಾಯಕ. ಈ ಸಮುದಾಯವು 12ನೆಯ ಶತಮಾನದ ಶರಣ ಹೂಗಾರ ಮಾದಯ್ಯನವರನ್ನು ತನ್ನ ಹಿರಿಯರೆಂದು ಗೌರವಿಸುತ್ತದೆ. ದೇವಸ್ಥಾನಕ್ಕೆ ಹೂವು ಒದಗಿಸುವುದು, ಬೆಳಗ್ಗೆ ಮನೆಮನೆಗೆ ಬಿಲ್ವಪತ್ರೆ ಮತ್ತು ಹೂವನ್ನು ಮುಟ್ಟಿಸುವುದು, ಮದುವೆಗೆ ಬಾಸಿಂಗ ಹಾಗೂ ದಂಡೆಗಳನ್ನು ಸಿದ್ಧಪಡಿಸುವುದು ಈ ಕಾಯಕದ ಭಾಗಗಳು. ಇದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ರೈತರಿಂದ ಕಾಳಿನ ರೂಪದಲ್ಲಿ ಆಯ ಪಡೆಯುವ ಪದ್ಧತಿಯಿತ್ತು. ಹಣದ ವ್ಯವಹಾರ ಹೆಚ್ಚಿದಂತೆ ಆಯದ ಪದ್ಧತಿ ಕಡಿಮೆಯಾಗಿ, ಹೂವನ್ನು ಮೊಳದ ಲೆಕ್ಕದಲ್ಲಿ ಮಾರುವ ಅಂಗಡಿಗಳು ಪೇಟೆಗಳಲ್ಲಿ ನೆಲೆಗೊಂಡವು.

## ಬಳಸುವ ಹೂಗಳು

ಮುಂಗೈ ದಂಡೆಗೆ ಆರಿಸುವ ಹೂವು ಹಗುರವಾಗಿರಬೇಕು, ತೊಟ್ಟು ಗಟ್ಟಿಯಾಗಿರಬೇಕು ಮತ್ತು ನೀರಿಲ್ಲದೆ ಕೆಲವು ಗಂಟೆಗಳ ಕಾಲ ಬಾಡದೆ ಉಳಿಯಬೇಕು. ಮುಡಿಯಲ್ಲಿರುವ ಹೂವಿಗಿಂತ ಕೈಯಲ್ಲಿರುವ ಹೂವು ಹೆಚ್ಚು ಅಲುಗಾಡುತ್ತದೆ, ಬಟ್ಟೆ ಮತ್ತು ಬಳೆಗಳಿಗೆ ಉಜ್ಜುತ್ತದೆ. ಆದುದರಿಂದ ಮುಡಿಗೆ ಒಪ್ಪುವ ಎಲ್ಲ ಹೂಗಳೂ ಕೈಗೆ ಒಪ್ಪುವುದಿಲ್ಲ.

- ದುಂಡುಮಲ್ಲಿಗೆ (ಜಾಸ್ಮಿನಮ್ ಸಂಬಕ್): ಮೊಗ್ಗು ದಪ್ಪ, ತೊಟ್ಟು ಗಟ್ಟಿ. ಬೆಳಗ್ಗೆ ಬಿಡಿಸಿದ ಮೊಗ್ಗು ಸಂಜೆಗೆ ಅರಳುವುದರಿಂದ ಸಂಜೆಯ ಸಮಾರಂಭಗಳಿಗೆ ಅನುಕೂಲ.
- ಸೂಜಿಮಲ್ಲಿಗೆ (ಜಾಸ್ಮಿನಮ್ ಆರಿಕ್ಯುಲೇಟಮ್): ಮೊಗ್ಗು ಸಣ್ಣದು ಮತ್ತು ನೀಳ. ದಂಡೆ ತೆಳುವಾಗಿ, ನಯವಾಗಿ ಬರುತ್ತದೆ.
- ಜಾಜಿ (ಜಾಸ್ಮಿನಮ್ ಗ್ರಾಂಡಿಫ್ಲೋರಮ್): ಪರಿಮಳ ಹೆಚ್ಚು, ಆದರೆ ಎಸಳು ಬಲು ಮೃದು. ಉಜ್ಜಿದರೆ ಬೇಗ ಕಂದುತ್ತದೆ.
- ಕನಕಾಂಬರ ಅಥವಾ ಅಬ್ಬಲಿಗೆ (ಕ್ರಾಸಾಂಡ್ರ): ಪರಿಮಳವಿಲ್ಲ. ಬಹಳ ಹಗುರ, ಮಲ್ಲಿಗೆಗಿಂತ ಹೆಚ್ಚು ಹೊತ್ತು ಬಣ್ಣ ಉಳಿಸಿಕೊಳ್ಳುತ್ತದೆ. ಬಿಳಿ ಮಲ್ಲಿಗೆಯ ನಡುನಡುವೆ ಬಣ್ಣಕ್ಕಾಗಿ ಸೇರಿಸುತ್ತಾರೆ.
- ಸುಗಂಧರಾಜ: ಮೆಕ್ಸಿಕೊ ಮೂಲದ ಸಸ್ಯ. ಒಂಟಿ ಸುತ್ತಿನ ಮೊಗ್ಗುಗಳನ್ನು ಸೂಜಿಯಿಂದ ಪೋಣಿಸಲು ಬಳಸುತ್ತಾರೆ. ಶೃಂಗಾರ, ಪ್ರಜ್ವಲ್, ಸುವಾಸಿನಿ, ವೈಭವ್ ಮೊದಲಾದ ತಳಿಗಳನ್ನು ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದೆ.
- ಸೇವಂತಿಗೆ: ಬಾಳಿಕೆ ಹೆಚ್ಚು. ಸಣ್ಣ ಗಾತ್ರದವನ್ನು ಮಾತ್ರ ಕೈಗೆ ಬಳಸುವುದು ರೂಢಿ.
- ಗುಲಾಬಿ: ದಂಡೆಯ ನಡುವೆ ಒಂದು ಅಥವಾ ಎರಡು ಹೂಗಳನ್ನು ಕೂರಿಸುತ್ತಾರೆ. ಪೂರ್ತಿ ಅರಳಿದ ಹೂವಿಗಿಂತ ಅರೆಬಿರಿದ ಮೊಗ್ಗು ಒಳ್ಳೆಯದು.
- ಮರುಗ, ದವನ: ಹಸಿರು ಮತ್ತು ಕಂಪಿಗಾಗಿ ಹೂಗಳ ನಡುವೆ ಸೇರಿಸುವ ಎಲೆಗಳು.

ಕರ್ನಾಟಕದ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ ಮತ್ತು ಹಡಗಲಿ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಇವುಗಳಲ್ಲಿ ಹಡಗಲಿಯು ಈಗಿನ ವಿಜಯನಗರ ಜಿಲ್ಲೆಯಲ್ಲಿದ್ದು, ವಿಜಯಪುರ ಭಾಗಕ್ಕೆ ಹತ್ತಿರದ್ದು.

## ಕಟ್ಟುವ ಸಾಮಗ್ರಿ

ಬಾಳೆ ನಾರು: ಬಾಳೆಯ ಗಿಡದ ಒಣಗಿದ ಪಟ್ಟೆಯಿಂದ ಸೀಳಿ ತೆಗೆಯುವ ನಾರನ್ನು ಬಳಸುವ ಮೊದಲು ನೀರಿನಲ್ಲಿ ನೆನೆಸುತ್ತಾರೆ. ನೆನೆದ ನಾರು ಮೆತ್ತಗಾಗಿ ಬಾಗುತ್ತದೆ. ಚಪ್ಪಟೆಯಾಗಿರುವುದರಿಂದ ತೊಟ್ಟನ್ನು ಕತ್ತರಿಸುವುದಿಲ್ಲ ಮತ್ತು ತೇವವನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಉಡುಪಿ ಜಿಲ್ಲೆಯ ಶಂಕರಪುರ ಸುತ್ತಿನ ಮಲ್ಲಿಗೆಯನ್ನು ಈ ನಾರಿನಲ್ಲಿಯೇ ಕಟ್ಟಿ ಚೆಂಡು ಮತ್ತು ಅಟ್ಟೆಗಳ ಲೆಕ್ಕದಲ್ಲಿ ಮಾರುತ್ತಾರೆ. 4 ಚೆಂಡು ಸೇರಿದರೆ 1 ಅಟ್ಟೆ.

ಹತ್ತಿಯ ದಾರ: ಬಾಳೆ ನಾರು ಸುಲಭವಾಗಿ ಸಿಗದ ಬಯಲುಸೀಮೆಯಲ್ಲಿ ಇದೇ ಹೆಚ್ಚು ಬಳಕೆಯಲ್ಲಿದೆ. ತೀರ ತೆಳುವಾದ ಹೊಲಿಗೆಯ ದಾರವು ಎಳೆದಾಗ ತೊಟ್ಟನ್ನು ಕೊಯ್ಯುತ್ತದೆ. ಅದನ್ನು ಎರಡು ಎಳೆ ಮಾಡಿ ಬಳಸುವುದು ಕ್ರಮ. ದಾರವನ್ನು ಸ್ವಲ್ಪ ಒದ್ದೆ ಮಾಡಿಕೊಂಡರೆ ಗಂಟು ಜಾರುವುದಿಲ್ಲ. ನೈಲಾನ್ ದಾರ ಗಟ್ಟಿಯಾದರೂ ಗಂಟು ಸಡಿಲವಾಗುತ್ತದೆ ಮತ್ತು ಚರ್ಮಕ್ಕೆ ಒತ್ತುತ್ತದೆ.

ಸೂಜಿ: ಪೋಣಿಸುವ ಮಾಲೆಗೆ ಉದ್ದನೆಯ ಸೂಜಿ ಬೇಕು. ಮೊಗ್ಗಿನ ಜಡೆಯಂತಹ ಕೆಲಸಗಳಲ್ಲಿ ಬಾಳೆಯ ಪಟ್ಟೆ ಅಥವಾ ರಟ್ಟಿನ ಮೇಲೆ ಮೊಗ್ಗುಗಳನ್ನು ಹೊಲಿಯಲೂ ಸೂಜಿ ಬಳಕೆಯಾಗುತ್ತದೆ.

ಇತರ ವಸ್ತುಗಳು: ಜರಿಯ ಪಟ್ಟಿ, ರಿಬ್ಬನ್, ಮಣಿಗಳು, ಮಕ್ಕಳ ಕೈಗೆ ಎಲಾಸ್ಟಿಕ್ ಪಟ್ಟಿ.

## ಕಟ್ಟುವ ವಿಧಾನಗಳು

### ಗಂಟು ಹಾಕಿ ಕಟ್ಟುವುದು

ಇದು ಹೆಚ್ಚು ಪ್ರಚಲಿತ ವಿಧಾನ. ಸೂಜಿ ಬೇಕಾಗುವುದಿಲ್ಲ. ದಾರದ ತುದಿಯನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು, ಅದರ ಮೇಲೆ ಎರಡು ಹೂಗಳನ್ನು ಒಂದು ದಿಕ್ಕಿಗೂ ಇನ್ನೆರಡನ್ನು ಎದುರು ದಿಕ್ಕಿಗೂ ಮುಖಮಾಡಿ, ತೊಟ್ಟುಗಳು ಒಂದರ ಮೇಲೊಂದು ಬರುವಂತೆ ಇಡುತ್ತಾರೆ. ಬಲಗೈಯಲ್ಲಿರುವ ದಾರವನ್ನು ಬೆರಳುಗಳಿಂದ ತಿರುವಿ ಕುಣಿಕೆ ಮಾಡಿ, ಅದನ್ನು ತೊಟ್ಟುಗಳ ಮೇಲೆ ಹಾಯಿಸಿ ಎಳೆಯುತ್ತಾರೆ. ಮುಂದಿನ ಜೋಡಿಯನ್ನು ಹಿಂದಿನದಕ್ಕೆ ತಾಗುವಂತೆ ಇಟ್ಟು ಇದನ್ನೇ ಮುಂದುವರಿಸುತ್ತಾರೆ. ನುರಿತವರು ದಾರದ ಇನ್ನೊಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಕಾಯ್ದುಕೊಳ್ಳುವುದುಂಟು. ಎಳೆತ ಕಡಿಮೆಯಾದರೆ ಹೂವು ಉದುರುತ್ತದೆ, ಹೆಚ್ಚಾದರೆ ತೊಟ್ಟು ತುಂಡಾಗುತ್ತದೆ. ಈ ಹದ ಅಭ್ಯಾಸದಿಂದ ಮಾತ್ರ ಬರುವಂಥದ್ದು.

ಈ ವಿಧಾನದಲ್ಲಿ ಪ್ರತಿ ಜೋಡಿಗೂ ತನ್ನದೇ ಗಂಟು ಇರುವುದರಿಂದ ಮಾಲೆಯನ್ನು ನಡುವೆ ಕತ್ತರಿಸಿದರೂ ಎಲ್ಲ ಹೂಗಳು ಜಾರಿಹೋಗುವುದಿಲ್ಲ. ಮೊಳದ ಲೆಕ್ಕದಲ್ಲಿ ಕತ್ತರಿಸಿ ಮಾರಲು ಸಾಧ್ಯವಾಗುವುದು ಇದೇ ಕಾರಣದಿಂದ.

### ಪೋಣಿಸುವುದು

ಸೂಜಿಯಿಂದ ಹೂವಿನ ತೊಟ್ಟಿನ ಬಳಿ ಅಥವಾ ನಳಿಗೆಯ ಮೂಲಕ ದಾರ ಹಾಯಿಸುವ ವಿಧಾನ. ಮಾಲೆ ದುಂಡಗೆ, ಸಮನಾಗಿ ಬರುತ್ತದೆ. ಆದರೆ ದಾರ ಒಂದೆಡೆ ತುಂಡಾದರೆ ಹೂಗಳೆಲ್ಲ ಜಾರುತ್ತವೆ. ಸೂಜಿ ಚುಚ್ಚಿದ ಜಾಗದಿಂದ ಹೂವು ಬೇಗ ಕಂದಲು ತೊಡಗುತ್ತದೆ. ಆದ್ದರಿಂದ ಪೋಣಿಸಿದ ದಂಡೆಯನ್ನು ಧರಿಸುವ ಸಮಯಕ್ಕೆ ಹತ್ತಿರವಾಗಿ ಸಿದ್ಧಪಡಿಸುತ್ತಾರೆ.

### ಹೆಣೆಯುವುದು

ಮೂರು ಎಳೆ ದಾರ ಅಥವಾ ನಾರನ್ನು ಜಡೆಯಂತೆ ಹೆಣೆಯುತ್ತ, ಪ್ರತಿ ಮಡಿಕೆಯಲ್ಲಿ ಹೂವಿನ ಅಥವಾ ಎಲೆಯ ದಂಟನ್ನು ಸೇರಿಸುವ ವಿಧಾನ. ಉದ್ದ ದಂಟಿರುವ ಹೂಗಳಿಗೂ ದವನ, ಮರುಗದಂತಹ ಕಂಪಿನ ಎಲೆಗಳಿಗೂ ಇದು ಸೂಕ್ತ.

## ಮುಂಗೈ ದಂಡೆಯ ರಚನೆ

ಮುಂಗೈ ದಂಡೆಯ ಮೊದಲ ಕೆಲಸ ಅಳತೆ. ವಯಸ್ಕ ಸ್ತ್ರೀಯರ ಮಣಿಕಟ್ಟಿನ ಸುತ್ತಳತೆ ಸಾಮಾನ್ಯವಾಗಿ 15ರಿಂದ 18 ಸೆಂ.ಮೀ. ಇರುತ್ತದೆ. ಹೂವು ತುಂಬಿದ ಭಾಗ ಇದಕ್ಕಿಂತ ಸುಮಾರು 1 ಸೆಂ.ಮೀ. ಕಡಿಮೆಯಿದ್ದು, ಎರಡು ತುದಿಗಳಲ್ಲಿ ಕಟ್ಟಲು 12ರಿಂದ 15 ಸೆಂ.ಮೀ. ದಾರ ಬಿಟ್ಟಿರಬೇಕು. ಮದುವಣಗಿತ್ತಿಯ ಕೈಯಲ್ಲಿ ಹಸಿರು ಬಳೆಗಳು ತುಂಬಿರುವುದರಿಂದ, ದಂಡೆಯನ್ನು ಬಳೆಗಳ ಹಿಂದೆ ಮೊಣಕೈ ಕಡೆಗೆ ಕಟ್ಟುವುದಾದರೆ ಆ ಜಾಗದ ಸುತ್ತಳತೆಯನ್ನೇ ತೆಗೆದುಕೊಳ್ಳಬೇಕು. ಅಲ್ಲಿ ಕೈ ಮಣಿಕಟ್ಟಿಗಿಂತ ದಪ್ಪವಾಗಿರುತ್ತದೆ.

ಒಂದು ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ, ಅಂದರೆ ಸುಮಾರು 45 ಸೆಂ.ಮೀ. ಹೀಗಾಗಿ ಅಂಗಡಿಯಲ್ಲಿ ಕೊಂಡ ಒಂದು ಮೊಳ ಹೂವಿನಲ್ಲಿ ಎರಡು ಕೈಗಳಿಗೆ ಒಂದೊಂದು ಸುತ್ತು ಆಗುತ್ತದೆ. ಕತ್ತರಿಸುವ ಜಾಗದಲ್ಲಿ ಕೆಲವು ಹೂಗಳನ್ನು ಬಿಡಿಸಿ, ಉಳಿದ ದಾರಕ್ಕೆ ಬೇರೆ ದಾರ ಜೋಡಿಸಿಕೊಳ್ಳಬೇಕು. ಎರಡು ಸುತ್ತಿನ ದಪ್ಪ ದಂಡೆ ಬೇಕಾದರೆ ಪ್ರತಿ ಕೈಗೆ ಮುಕ್ಕಾಲು ಮೊಳದಷ್ಟು ಹೂವು ಬೇಕು.

ರಚನೆಯ ಕ್ರಮ ಹೀಗಿದೆ:

1. ದಾರದ ತುದಿಯಲ್ಲಿ ಕಟ್ಟುವ ಭಾಗವನ್ನು ಬಿಟ್ಟು, ಸಣ್ಣ ಮೊಗ್ಗುಗಳಿಂದ ಆರಂಭಿಸಬೇಕು. ಅಂಗೈ ಕಡೆಗೆ ಬರುವ ಭಾಗ ಉಜ್ಜುವುದು ಹೆಚ್ಚು. ಅಲ್ಲಿ ಹೂವು ತೆಳುವಾಗಿದ್ದರೆ ಸಾಕು.
2. ಮುಂಗೈಯ ಮೇಲ್ಭಾಗಕ್ಕೆ ಬರುವೆಡೆಯಲ್ಲಿ ಜೋಡಿಗಳನ್ನು ಒತ್ತಾಗಿ ಕಟ್ಟಿ, ಬಣ್ಣಕ್ಕಾಗಿ ಕನಕಾಂಬರವನ್ನು ಸಮ ಅಂತರದಲ್ಲಿ ಸೇರಿಸಬೇಕು.
3. ನಡುವೆ ಗುಲಾಬಿ ಅಥವಾ ಸೇವಂತಿಗೆ ಕೂರಿಸುವುದಾದರೆ ಅದರ ದಂಟನ್ನು 1 ಸೆಂ.ಮೀ.ಗೆ ಕತ್ತರಿಸಿ, ಮುಳ್ಳು ತೆಗೆದು, ಹೂವಿನ ಬುಡದ ಹಸಿರು ಭಾಗದ ಮೂಲಕ ದಾರ ಹಾಯಿಸಿ ಎರಡು ಕಡೆಯಿಂದ ಬಿಗಿಯಬೇಕು. ಎಸಳಿಗೆ ದಾರ ತಾಗಬಾರದು.
4. ಕೊನೆಯಲ್ಲಿ ಎರಡು ಗಂಟು ಹಾಕಿ, ಹೊರಚಾಚಿದ ತೊಟ್ಟುಗಳನ್ನು ಕತ್ತರಿಸಬೇಕು.
5. ದಂಡೆಯನ್ನು ತಲೆಕೆಳಗಾಗಿ ಹಿಡಿದು ಮೆಲ್ಲಗೆ ಕೊಡವಿ, ಸಡಿಲವಿರುವ ಹೂಗಳನ್ನು ಗುರುತಿಸಿ ಸರಿಪಡಿಸಬೇಕು.

ದಂಡೆಯನ್ನು ಸೀರೆ ಉಡಿಸಿ, ಬಳೆ ತೊಡಿಸಿದ ನಂತರ ಕೊನೆಯಲ್ಲಿ ಕಟ್ಟುತ್ತಾರೆ. ದಂಡೆ ಮತ್ತು ಚರ್ಮದ ನಡುವೆ ಒಂದು ಬೆರಳು ಹೋಗುವಷ್ಟು ಸಡಿಲವಿರಬೇಕು. ಗಂಟು ಅಂಗೈ ಕಡೆಗೆ ಇದ್ದು, ಎಳೆದರೆ ಬಿಚ್ಚುವಂತಿರಬೇಕು. ಕುಬಸದ ಸಮಾರಂಭದಲ್ಲಿ ಗರ್ಭಿಣಿಯ ಕೈಗೆ ಕಟ್ಟುವಾಗ ಈ ಎಚ್ಚರಿಕೆ ಇನ್ನೂ ಮುಖ್ಯ. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಕೈ ಊದಿಕೊಳ್ಳುವುದು ಸಾಮಾನ್ಯ. ಬೆಳಗ್ಗೆ ಸರಿಯಾಗಿದ್ದ ದಂಡೆ ಸಂಜೆಗೆ ಬಿಗಿಯಾಗಬಹುದು.

## ಕಾರ್ಸೇಜ್‌ನೊಂದಿಗೆ ಹೋಲಿಕೆ

ಕಾರ್ಸೇಜ್ ಎಂಬ ಫ್ರೆಂಚ್ ಪದಕ್ಕೆ ಸ್ತ್ರೀಯರ ಮೇಲುಡುಪಿನ ಎದೆಯ ಭಾಗ ಎಂದರ್ಥ. ಆ ಜಾಗಕ್ಕೆ ಸಿಕ್ಕಿಸುತ್ತಿದ್ದ ಹೂಗುಚ್ಛಕ್ಕೆ ಇಂಗ್ಲಿಷಿನಲ್ಲಿ ಅದೇ ಹೆಸರು ಬಂದಿತು. ಮುಂದೆ ಅದನ್ನು ಮಣಿಕಟ್ಟಿಗೆ ಕಟ್ಟುವ ರೂಪವೂ ಬಳಕೆಗೆ ಬಂದಿತು. ಅಮೆರಿಕದಲ್ಲಿ ಪ್ರೌಢಶಾಲೆಯ ನೃತ್ಯಕೂಟ ಮತ್ತು ಮದುವೆಗಳಲ್ಲಿ ಇದನ್ನು ಧರಿಸುತ್ತಾರೆ.

ದಂಡೆಯಲ್ಲಿ ಹೂವಿನ ಸ್ವಂತ ತೊಟ್ಟೇ ಭಾರ ಹೊರುತ್ತದೆ. ಕಾರ್ಸೇಜ್‌ನಲ್ಲಿ ತೊಟ್ಟನ್ನು ಕತ್ತರಿಸಿ, ಅದರ ಬದಲಿಗೆ ತೆಳುವಾದ ತಂತಿಯನ್ನು ಹೂವಿನ ಬುಡದಲ್ಲಿ ಅಡ್ಡಲಾಗಿ ಚುಚ್ಚಿ ಎರಡು ತುದಿಗಳನ್ನೂ ಕೆಳಗೆ ಬಾಗಿಸುತ್ತಾರೆ. ಹಗುರ ಹೂಗಳಿಗೆ 24 ಅಥವಾ 26 ಗೇಜ್ ತಂತಿ ಸಾಕು. ಗೇಜ್ ಸಂಖ್ಯೆ ಹೆಚ್ಚಿದಂತೆ ತಂತಿ ತೆಳುವಾಗುತ್ತದೆ. ತಂತಿಯನ್ನು ಮೇಣ ಹಚ್ಚಿದ ಹಸಿರು ಕಾಗದದ ಪಟ್ಟಿಯಿಂದ ಸುತ್ತುತ್ತಾರೆ. ಈ ಪಟ್ಟಿ ಎಳೆದಾಗ ಮಾತ್ರ ತನಗೆ ತಾನೇ ಅಂಟಿಕೊಳ್ಳುತ್ತದೆ. ತಂತಿಯನ್ನು ಮರೆಮಾಡುವುದರ ಜೊತೆಗೆ ಕತ್ತರಿಸಿದ ಜಾಗದಿಂದ ತೇವ ಆರುವುದನ್ನು ತಡೆಯುತ್ತದೆ. ಹೀಗೆ ಸಿದ್ಧಪಡಿಸಿದ ಗುಲಾಬಿ, ಕಾರ್ನೇಶನ್, ಆರ್ಕಿಡ್ ಮೊದಲಾದವನ್ನು ಒಟ್ಟುಗೂಡಿಸಿ ಎಲಾಸ್ಟಿಕ್ ಪಟ್ಟಿಗೆ ಕಟ್ಟುತ್ತಾರೆ ಅಥವಾ ಹೂವಿಗೆಂದೇ ತಯಾರಿಸಿದ ಅಂಟಿನಿಂದ ಅಂಟಿಸುತ್ತಾರೆ. ಜಿಪ್ಸೊಫಿಲಾ ಎಂಬ ಸಣ್ಣ ಬಿಳಿ ಹೂವನ್ನು ಸಂದು ತುಂಬಲು ಬಳಸುತ್ತಾರೆ. ತಂತಿಯ ತುದಿ ಚರ್ಮಕ್ಕೆ ತಾಗದಂತೆ ಒಳಕ್ಕೆ ಮಡಚಿ ಪಟ್ಟಿ ಸುತ್ತುವುದು ಅಗತ್ಯ.

ದಂಡೆ ಕೈಯ ಸುತ್ತಲೂ ಸಮನಾಗಿ ಹರಡಿರುತ್ತದೆ. ಕಾರ್ಸೇಜ್‌ನ ಭಾರವೆಲ್ಲ ಒಂದೇ ಕಡೆಗಿರುವುದರಿಂದ ಪಟ್ಟಿ ಸಡಿಲವಾದರೆ ಗುಚ್ಛ ಕೆಳಕ್ಕೆ ತಿರುಗುತ್ತದೆ. ಇಂದಿನ ಹೂವಿನ ಅಂಗಡಿಗಳಲ್ಲಿ ಈ ಎರಡು ಕ್ರಮಗಳನ್ನೂ ಬೆರೆಸಿ, ಮಲ್ಲಿಗೆಯ ದಂಡೆಯ ನಡುವೆ ತಂತಿ ಕಟ್ಟಿದ ಗುಲಾಬಿ ಅಥವಾ ಆರ್ಕಿಡ್ ಕೂರಿಸುವುದೂ ಉಂಟು.

## ಬಾಳಿಕೆ ಮತ್ತು ಸಂರಕ್ಷಣೆ

ವಿಜಯಪುರ ಜಿಲ್ಲೆ ಒಣಹವೆಯ ಪ್ರದೇಶ. ಮದುವೆಗಳು ಹೆಚ್ಚಾಗಿ ನಡೆಯುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಕ್ಷತೆಯ ಹೊತ್ತಿಗೆ ದಂಡೆ ಬಾಡದಂತೆ ನೋಡಿಕೊಳ್ಳುವುದು ಹೂ ಕಟ್ಟುವವರ ಮುಖ್ಯ ಸವಾಲು. ಇದಕ್ಕಾಗಿ ಅನುಸರಿಸುವ ಕ್ರಮಗಳು:

- ಹೂವನ್ನು ಬಿಸಿಲೇರುವ ಮೊದಲು ಬಿಡಿಸುವುದು. ಬಿಸಿಲಿನಲ್ಲಿ ಬಿಡಿಸಿದ ಹೂವಿನಲ್ಲಿ ನೀರಿನಂಶ ಕಡಿಮೆಯಿರುತ್ತದೆ.
- ಅರಳಿದ ಹೂವಿನ ಬದಲು ಮೊಗ್ಗನ್ನು ಕಟ್ಟುವುದು.
- ಸಿದ್ಧವಾದ ದಂಡೆಯನ್ನು ಬಾಳೆ ಎಲೆಯಲ್ಲಿ ಅಥವಾ ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಡುವುದು. ಮಲ್ಲಿಗೆಯ ಎಸಳಿನ ಮೇಲೆ ನೀರು ನಿಂತರೆ ಕಂದುಬಣ್ಣದ ಕಲೆಗಳಾಗುತ್ತವೆ. ತೇವ ಸುತ್ತಲೂ ಇರಬೇಕೇ ಹೊರತು ಹೂವಿನ ಮೇಲೆ ಇರಬಾರದು.
- ಮಾಗುತ್ತಿರುವ ಬಾಳೆಹಣ್ಣು, ಮಾವಿನಹಣ್ಣುಗಳಿಂದ ದೂರವಿಡುವುದು. ಹಣ್ಣುಗಳು ಹೊರಸೂಸುವ ಎಥಿಲೀನ್ ಅನಿಲವು ಹೂಗಳನ್ನು ಬೇಗ ಬಾಡಿಸುತ್ತದೆ. ಮದುವೆಮನೆಯಲ್ಲಿ ಹೂವನ್ನೂ ತಾಂಬೂಲದ ಹಣ್ಣನ್ನೂ ಒಂದೇ ಕೋಣೆಯಲ್ಲಿ ಇಡುವುದು ಸಾಮಾನ್ಯವಾದ್ದರಿಂದ ಈ ಎಚ್ಚರಿಕೆ ಅಗತ್ಯ.
- ದಿನವಿಡೀ ನಡೆಯುವ ಕಾರ್ಯಕ್ರಮಕ್ಕೆ ಎರಡು ಜೊತೆ ದಂಡೆಗಳನ್ನು ಸಿದ್ಧಪಡಿಸಿ, ಅಕ್ಷತೆಗೆ ಮುನ್ನ ಬದಲಿಸುವುದು.

## ಸುರಕ್ಷತೆ

ಕಣಗಿಲೆಯ ಎಲ್ಲ ಭಾಗಗಳೂ ವಿಷಯುಕ್ತ. ಪೂಜೆಗೆ ಬಳಕೆಯಲ್ಲಿದ್ದರೂ, ಕೈಯಿಂದ ಊಟ ಮಾಡುವವರ ಮುಂಗೈಗೆ ಮತ್ತು ಎಲ್ಲವನ್ನೂ ಬಾಯಿಗಿಡುವ ಮಕ್ಕಳ ಕೈಗೆ ಅದನ್ನು ಕಟ್ಟಬಾರದು. ಎಕ್ಕದ ಹಾಲು ಕಣ್ಣಿಗೆ ತಗುಲಿದರೆ ತೀವ್ರ ಉರಿಯೂತ ಉಂಟಾಗುತ್ತದೆ. ಸೇವಂತಿಗೆಯನ್ನು ದಿನವೂ ಮುಟ್ಟುವ ಹೂಗಾರರಲ್ಲಿ ಕೆಲವರಿಗೆ ಬೆರಳುಗಳಲ್ಲಿ ತುರಿಕೆ ಮತ್ತು ಚರ್ಮ ಒಡೆಯುವ ಅಲರ್ಜಿ ಕಾಣಿಸಿಕೊಳ್ಳುತ್ತದೆ. ಬಣ್ಣದ ನೀರಿನಲ್ಲಿ ಅದ್ದಿದ ಹೂಗಳು ಬೆವರಿನೊಂದಿಗೆ ಬಣ್ಣ ಬಿಟ್ಟು ಸೀರೆಗೆ ಕಲೆ ಮಾಡುತ್ತವೆ.

## ಸಾಮಾಜಿಕ ಸ್ಥಾನ

ಹೂವು, ಅರಿಸಿನ, ಕುಂಕುಮ ಮತ್ತು ಬಳೆಗಳನ್ನು ಮುತ್ತೈದೆತನದ ಚಿಹ್ನೆಗಳೆಂದು ಭಾವಿಸಿದ ಕಾರಣ, ಗಂಡನನ್ನು ಕಳೆದುಕೊಂಡ ಸ್ತ್ರೀಯರಿಗೆ ಹೂ ಮುಡಿಯುವುದನ್ನು ನಿರಾಕರಿಸುವ ರೂಢಿ ಬೆಳೆದುಬಂದಿತು. ಮಗಳ ಮದುವೆಗೆ ತನ್ನ ಕೈಯಾರೆ ದಂಡೆ ಕಟ್ಟಿದ ತಾಯಿಯೇ ಅದನ್ನು ಮಗಳಿಗೆ ತೊಡಿಸಲು ಮುಂದೆ ಬರಲಾಗದ ಸ್ಥಿತಿ ಈ ರೂಢಿಯ ಪರಿಣಾಮ. ಹುಟ್ಟಿನಿಂದಲೇ ಹೆಣ್ಣುಮಕ್ಕಳು ಮುಡಿಯುವ ಹೂವು ಮದುವೆಯಿಂದ ಬಂದದ್ದಲ್ಲ, ಆದುದರಿಂದ ವೈಧವ್ಯದಿಂದ ಹೋಗಬೇಕಾದದ್ದೂ ಅಲ್ಲ ಎಂಬ ವಾದವನ್ನು ಈ ರೂಢಿಯನ್ನು ವಿರೋಧಿಸುವವರು ಮುಂದಿಡುತ್ತಾರೆ.

ಹೂ ಕಟ್ಟುವ ವೃತ್ತಿಯಲ್ಲಿ ಸ್ತ್ರೀಯರ ದುಡಿಮೆ ದೊಡ್ಡದು. ಮನೆಗೆಲಸದ ನಡುವೆ ಮಾಡಬಹುದಾದ ಕೆಲಸವಾದ್ದರಿಂದ ಇದು ಅನೇಕ ಕುಟುಂಬಗಳಿಗೆ ಉಪವೃತ್ತಿಯಾಗಿದೆ. ಬಿಡಿಹೂವು ಸಂಜೆಯೊಳಗೆ ಮಾರಾಟವಾಗದಿದ್ದರೆ ಪೂರ್ತಿ ನಷ್ಟವಾಗುವುದು, ಹಬ್ಬ ಮತ್ತು ಮುಹೂರ್ತದ ದಿನಗಳಲ್ಲಿ ದರ ಏರುವುದು, ಪ್ಲಾಸ್ಟಿಕ್ ಮತ್ತು ಬಟ್ಟೆಯ ಕೃತಕ ಹೂಗಳ ಪೈಪೋಟಿ ಈ ವೃತ್ತಿಯ ಮುಖ್ಯ ತೊಂದರೆಗಳು. ಕೃತಕ ದಂಡೆಯನ್ನು ಮತ್ತೆ ಮತ್ತೆ ಬಳಸಬಹುದು. ಆದರೆ ಅದಕ್ಕೆ ಕಂಪಿಲ್ಲ, ಬಿಸಾಡಿದ ಮೇಲೆ ಮಣ್ಣಿನಲ್ಲಿ ಕರಗುವುದೂ ಇಲ್ಲ. ನಾರು ಮತ್ತು ಹತ್ತಿಯ ದಾರದಲ್ಲಿ ಕಟ್ಟಿದ ದಂಡೆ ಬಾಡಿದ ನಂತರ ಪೂರ್ತಿಯಾಗಿ ಗೊಬ್ಬರವಾಗುತ್ತದೆ.

## ಸಾಹಿತ್ಯದಲ್ಲಿ

ಚಡಚಣ ತಾಲ್ಲೂಕಿನ ಹಲಸಂಗಿಯು ಕನ್ನಡ ಜನಪದ ಗೀತೆಗಳ ಸಂಗ್ರಹದ ಆರಂಭದ ಕೇಂದ್ರಗಳಲ್ಲಿ ಒಂದು. ಮಧುರಚೆನ್ನ, ಚಡಚಣದವರಾದ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮತ್ತು ಪಿ. ಧೂಲಾಸಾಹೇಬ ಮೊದಲಾದವರನ್ನು ಒಳಗೊಂಡ ಹಲಸಂಗಿ ಗೆಳೆಯರ ಬಳಗವು ಈ ಭಾಗದ ಸ್ತ್ರೀಯರು ಬೀಸುವಾಗ, ಕುಟ್ಟುವಾಗ, ಶುಭಕಾರ್ಯಗಳಲ್ಲಿ ಹಾಡುತ್ತಿದ್ದ ಹಾಡುಗಳನ್ನು ಸಂಗ್ರಹಿಸಿತು. ಗರತಿಯ ಹಾಡು (1931) ಮತ್ತು ಜೀವನ ಸಂಗೀತ (1933) ಸಂಕಲನಗಳ ನಂತರ 1935ರಲ್ಲಿ ಕಾಪಸೆ ರೇವಪ್ಪನವರ ಸಂಗ್ರಹ ಮಲ್ಲಿಗೆ ದಂಡೆ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಬಿಡಿ ತ್ರಿಪದಿಗಳನ್ನು ಒಂದೆಡೆ ಸೇರಿಸಿದ ಇಂತಹ ಪುಸ್ತಕಕ್ಕೆ, ಬಿಡಿಹೂಗಳನ್ನು ಒಂದೇ ದಾರದಲ್ಲಿ ಕಟ್ಟುವ ದಂಡೆಯ ಹೆಸರು ಒಪ್ಪುವಂಥದ್ದು.